ಅಕ್ಷರವೂ ಅಳತೆಗೋಲೂ

ಶ್ರವಣಬೆಳಗೊಳದ ಉತ್ತರಕ್ಕೆ ಒಂದು ಮೈಲಿಯಷ್ಟು ದೂರದಲ್ಲಿರುವ ಜಿನನಾಥಪುರವು ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಕಟ್ಟಿಸಿದ ಊರು. ಅಲ್ಲಿಯ ಶಾಂತಿನಾಥ ಬಸದಿಯ ಶಿಲ್ಪವನ್ನು ನೋಡಬರುವವರು ಅನೇಕರು. ಕಲ್ಲಿನ ಮೇಲಣ ಬರಹವನ್ನು ಓದಬಲ್ಲವರು ವಿರಳ. ಬೆಳಗೊಳದ ಪ್ರಾಚೀನ ಶಾಸನಗಳಲ್ಲಿರುವ ಱ, ೞ ಎಂಬ ಅಕ್ಷರಗಳು ಇಂದಿನ ಮಕ್ಕಳ ವರ್ಣಮಾಲೆಯಲ್ಲಿಲ್ಲ. ಅಕ್ಷರಸ್ಥನೆಂದರೆ ಯಾರೆಂಬುದು ಕಾಲಕಾಲಕ್ಕೆ ಬೇರೆಯಾಗುತ್ತ ಬಂದಿರುವುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆ ಶಾಸನಗಳನ್ನು 1889ರಲ್ಲಿ ಅಚ್ಚುಹಾಕಿಸಿದ ಬಿ. ಎಲ್. ರೈಸ್ ಮಹಾಶಯರೇ 1868ರಲ್ಲಿ ಮೈಸೂರು ಸೀಮೆಗೆ ಹೋಬಳಿಗೊಂದು ಪಾಠಶಾಲೆಯೆಂಬ ಯೋಜನೆಯನ್ನು ಹಾಕಿಕೊಟ್ಟವರು. ಅದಕ್ಕೆ ಮುಂಚೆ ಇದ್ದವು ಕೂಲಿಮಠಗಳು. ಅಯ್ಯಗಳು ಮರಳಿನ ಮೇಲೆ ಬೆರಳಿನಿಂದ ತಿದ್ದಿಸುವರು, ಗಟ್ಟಿಯಾಗಿ ಹೇಳಿಸುವರು, ಕೈ ಕುದುರಿದ ಮೇಲೆ ಕಡತದಲ್ಲಿ ಬಳಪ ಹಿಡಿಸುವರು. ಕಣ್ಣು, ಕಿವಿ, ಕೈ, ನಾಲಗೆಗಳು ಒಡನೆಯೇ ಕಲಿಯುತ್ತಿದ್ದವು. ಆದರೆ ಬರಿದೆ ಹೊಗಳುವುದು ನ್ಯಾಯವಲ್ಲ. ಹೆಣ್ಣುಮಕ್ಕಳಿಗೂ ಅಸ್ಪೃಶ್ಯರೆಂದು ದೂರವಿಡಲ್ಪಟ್ಟವರಿಗೂ ಆ ಮರಳು ಬಹುಮಟ್ಟಿಗೆ ದೊರೆಯಲಿಲ್ಲ. ಬಾಯಿಪಾಠವಾದರೂ ಅರ್ಥವಾಗದೆ ಉಳಿದವರು ಎಷ್ಟೋ ಮಂದಿ! ಸರ್ಕಾರದ ಶಾಲೆಯೂ 1913ರ ಕಡ್ಡಾಯ ವಿದ್ಯಾಭ್ಯಾಸದ ಶಾಸನವೂ ಈ ಬಾಗಿಲನ್ನು ಅಗಲಮಾಡಿದುವೆಂಬುದನ್ನು ಒಪ್ಪಲೇಬೇಕು.

ಈಗ ಬಂದಿರುವುದು ರಾಷ್ಟ್ರಕ್ಕೆಲ್ಲ ಒಂದೇ ಅಳತೆಗೋಲು. 2021ರಲ್ಲಿ ಆರಂಭವಾದ ನಿಪುಣ್ ಭಾರತ್ ಯೋಜನೆಯ ಪ್ರಕಾರ ಮೂರನೆಯ ತರಗತಿಯ ಮಗುವು ಅರ್ಥಸಹಿತವಾಗಿ ನಿಮಿಷಕ್ಕೆ 60 ಪದಗಳನ್ನಾದರೂ ಓದಬೇಕು. ಅರ್ಥಸಹಿತವೆಂದದ್ದು ಶ್ಲಾಘ್ಯವೇ. ಆದರೆ ಪದವೆಂದರೆ ಯಾವುದು? 'ಬರೆಯುತ್ತಿದ್ದವರಿಗೂ' ಎಂಬುದು ಕನ್ನಡದಲ್ಲಿ ಒಂದೇ ಪದ. ಹಿಂದಿಯಲ್ಲಿ ಅದೇ ಭಾವವು ನಾಲ್ಕೈದು ಪದಗಳಾಗಿ ಬಿಡಿಬಿಡಿಯಾಗಿ ನಿಲ್ಲುತ್ತದೆ. ವಿಭಕ್ತಿಯೂ ಕಾಲವೂ ಅವ್ಯಯವೂ ಒಂದೇ ಪದದೊಳಗೆ ಹೆಣೆದುಕೊಂಡಿರುವ ನುಡಿಗೂ ಅವುಗಳನ್ನು ಬೇರೆಬೇರೆ ಇಡುವ ನುಡಿಗೂ ಒಂದೇ ಗಡಿಯಾರವೆಂದರೆ, ಸೇರಿನಿಂದ ಬಟ್ಟೆಯನ್ನು ಅಳೆದಂತೆಯೇ ಸರಿ. ಇದು ಅಧಿಕಾರಿಗಳಿಗೂ ಹೊಳೆಯದೆ ಇರಲಿಲ್ಲ; 2022ರ ರಾಷ್ಟ್ರೀಯ ಅಧ್ಯಯನದಲ್ಲಿ 20 ಭಾಷೆಗಳಿಗೆ ಪ್ರತ್ಯೇಕವಾಗಿಯೇ ಓದಿನ ಮಟ್ಟವನ್ನು ಗೊತ್ತುಮಾಡಿದರು. ಆದರೂ ಗೋಡೆಯ ಮೇಲೆ ಬರೆಯಿಸುವುದಕ್ಕೆ ಸುಲಭವಾದದ್ದು 60 ಎಂಬ ಒಂದೇ ಅಂಕೆ.

ಉಚ್ಚಾರಣೆಯ ಸಂಗತಿ ಇನ್ನೂ ಸೂಕ್ಷ್ಮ. ನಮ್ಮ ಚನ್ನರಾಯಪಟ್ಟಣದ ಹಳ್ಳಿಗಳಲ್ಲಿ ಹಾಲನ್ನು 'ಆಲು' ಎನ್ನುವ ಮನೆಗಳು ಹೇರಳ. ಪುಸ್ತಕದಲ್ಲಿ 'ಹಾಲು' ಎಂದಿರುವುದನ್ನು ಕಂಡು ಮಗುವು 'ಆಲು' ಎಂದೋದಿ, ಕೇಳಿದರೆ ಕರೆಯುವ ಹಸುವನ್ನು ತೋರಿಸಿತೆಂದು ಭಾವಿಸಿರಿ. ಅದು ಓದಿತೇ, ಓದಲಿಲ್ಲವೇ? ಬಹುಕಾಲ ಅಕ್ಷರ ತಿದ್ದಿಸಿದ ನಾನಾದರೋ ಓದಿತೆಂದೇ ಬರೆದುಕೊಂಡು, ಹಕಾರವನ್ನು ಮರುದಿನ ನಿಧಾನವಾಗಿ ತಿದ್ದುವೆನು.