ಎರಡು ತಂತಿ, ಒಂದು ಹಾಡು



ದಿನವೂ ಮೈಕಿನ ಮುಂದೆ ಕೂರುವ ನನಗೆ ಧ್ವನಿಮುದ್ರಣ ನೀರು ಕುಡಿದಷ್ಟು ಸುಲಭ ಎಂದು ನೀವು ಭಾವಿಸಿರಬಹುದು. ಹಾಗೇನಿಲ್ಲ. ಕೊಚ್ಚಿಯ ಪಕ್ಕದ ಏಲೂರಿನಲ್ಲಿ, ಪೆರಿಯಾರ್ ತೀರದ ಕಾರ್ಖಾನೆಗಳ ನೌಕರಿಗೆಂದು ಬಂದು ನೆಲೆಸಿದ ಕನ್ನಡದ ಮನೆಯೊಂದರಲ್ಲಿ ನಾನು ಮಾಡಿದ ಎಡವಟ್ಟನ್ನು ಮೊದಲು ಹೇಳಿಬಿಡುತ್ತೇನೆ.

ಆ ಮನೆಯ ಅಜ್ಜಿ ಸಾಗರದ ಕಡೆಯವರು. ಮದುವೆಯಲ್ಲಿ ಹಸೆಗೆ ಕರೆಯುವ ಹಾಡು ಅವರಿಗೆ ಬಾಯಿಪಾಠ. ಮೊಮ್ಮಗ ಕೀಬೋರ್ಡಿನಲ್ಲಿ ಶ್ರುತಿ ಹಿಡಿದ, ಅಜ್ಜಿ ಹಾಡಿದರು, ನಾನು ಕಂಪ್ಯೂಟರ್ ನೋಡಿಕೊಂಡೆ. ಪರದೆಯ ಮೇಲೆ ಗೆರೆಗಳು ಚೆನ್ನಾಗಿಯೇ ಓಡುತ್ತಿದ್ದವು. ಮುಗಿದ ಮೇಲೆ ಅಜ್ಜಿ, "ಎಲ್ಲಿ, ಕೇಳಿಸೋ ತಮ್ಮಾ" ಎಂದರು. ಕೇಳಿಸಿದೆ. ಬಂದದ್ದು ಕೀಬೋರ್ಡಿನ ಸ್ವರ ಮಾತ್ರ! ನಾನು ಮಿಡಿ ಸಾಲನ್ನಷ್ಟೇ ಆನ್ ಮಾಡಿದ್ದೆ, ಮೈಕಿನ ಸಾಲು ಖಾಲಿ. ಅಜ್ಜಿ ಬೇಸರಿಸದೆ ಮತ್ತೊಮ್ಮೆ ಹಾಡಿದರು. ಆದರೆ ನಡುವಿನ ಒಂದು ನುಡಿ ಎಷ್ಟು ಯೋಚಿಸಿದರೂ ಅವರ ನೆನಪಿಗೆ ಬರಲಿಲ್ಲ.

ಆಡಿಯೋ ಮತ್ತು ಮಿಡಿ, ಈ ಎರಡು ದಾರಿಗಳು ನಮ್ಮ ಮನೆಯ ಮೇಜಿನವರೆಗೆ ಬಂದದ್ದು ಹೇಗೆ? ಬನ್ನಿ, ಸ್ವಲ್ಪ ಹಿಂದಕ್ಕೆ ಹೋಗೋಣ.

1902ರ ನವೆಂಬರ್. ಕಲ್ಕತ್ತೆಯ ಹೋಟೆಲ್ ಕೋಣೆಯೊಂದರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಗಾಯಕಿ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡರು. ಆಗ ಮೈಕ್ ಇರಲಿಲ್ಲ. ದೊಡ್ಡ ಕೊಳವೆಯ ಬಾಯಿಗೆ ಮುಖ ಕೊಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ದನಿಯ ಕಂಪನವೇ ಸೂಜಿಯನ್ನು ಅಲುಗಿಸಿ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯುತ್ತಿತ್ತು. ಇದೇ ಗೌಹರ್ ಜಾನ್ ಕಡೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಐದು ವರ್ಷಗಳ ನಂತರ, 1935ರಲ್ಲಿ, ಅದೇ ಊರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ 'ವಿಠ್ಠಲ ವಿಹಾರ'ದಿಂದಲೇ 'ಆಕಾಶವಾಣಿ' ಹೆಸರಿನ ಬಾನುಲಿ ಆರಂಭಿಸಿದರು. ನೋಡಿ, ಕನ್ನಡ ನಾಡಿನ ರೇಡಿಯೋ ಹುಟ್ಟಿದ್ದೇ ಒಂದು ಮನೆಯಲ್ಲಿ!

ಆಮೇಲೆ ದನಿ ಮನೆಯಿಂದ ದೂರ ಸರಿಯಿತು. ಟೇಪ್ ಯಂತ್ರ, ಮಿಕ್ಸರ್, ಸದ್ದು ನುಗ್ಗದ ಗೋಡೆ ಎಲ್ಲವೂ ದುಬಾರಿ. ಬಹುಕಾಲ ಕನ್ನಡ ಮತ್ತು ಮಲಯಾಳಂ ಚಿತ್ರಗೀತೆಗಳು ಮುದ್ರಣಗೊಳ್ಳಲು ಮದ್ರಾಸಿಗೇ ಹೋಗಬೇಕಾಗುತ್ತಿತ್ತು. ಕೆ.ಜೆ. ಯೇಸುದಾಸ್ 1980ರಲ್ಲಿ ತಿರುವನಂತಪುರದಲ್ಲಿ 'ತರಂಗಿಣಿ' ಸ್ಥಾಪಿಸಿದರು. ಅದೇ ದಶಕದಲ್ಲಿ ಶಂಕರ್‌ನಾಗ್ ಬೆಂಗಳೂರಿನಲ್ಲಿ 'ಸಂಕೇತ್' ಸ್ಟುಡಿಯೋ ಕಟ್ಟಿದರು. ಸ್ಟುಡಿಯೋ ಊರಿಗೇನೋ ಬಂತು, ಆದರೆ ಮನೆಗೆ ಬರಲಿಲ್ಲ. ಮನೆಯಲ್ಲಿ ಇದ್ದದ್ದು ಗಲ್ಫ್‌ನಿಂದ ಬಂದ ಟೂ-ಇನ್-ವನ್. ಅದರಲ್ಲಿ ಹಾಡಿನ ಜೊತೆ ಫ್ಯಾನಿನ ಗಾಳಿ, ಬೀದಿಯ ಹಾರ್ನ್ ಎಲ್ಲವೂ ಸೇರಿಕೊಳ್ಳುತ್ತಿದ್ದವು.

ಇತ್ತ ವಿದ್ಯುನ್ಮಾನ ವಾದ್ಯಗಳದ್ದು ಬೇರೆಯೇ ತಾಪತ್ರಯ. ಒಂದು ಕಂಪನಿಯ ಸಿಂಥಸೈಜರ್ ಇನ್ನೊಂದರ ಜೊತೆ ಮಾತಾಡುತ್ತಿರಲಿಲ್ಲ. ಜಪಾನಿನ ರೋಲ್ಯಾಂಡ್ ಕಂಪನಿಯ ಇಕುತಾರೊ ಕಾಕೆಹಾಶಿ ಮತ್ತು ಅಮೆರಿಕದ ಡೇವ್ ಸ್ಮಿತ್ ಮುಂದಾಗಿ, ಇತರ ತಯಾರಕರನ್ನೂ ಸೇರಿಸಿಕೊಂಡು ಎಲ್ಲರಿಗೂ ಒಪ್ಪಿಗೆಯಾಗುವ ಭಾಷೆಯೊಂದನ್ನು ರೂಪಿಸಿದರು. ಅದೇ ಮಿಡಿ. 1983ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಸಂಗೀತ ಸಲಕರಣೆಗಳ ಮೇಳದಲ್ಲಿ ಬೇರೆ ಬೇರೆ ಕಂಪನಿಗಳ ಎರಡು ಕೀಬೋರ್ಡುಗಳನ್ನು ತಂತಿಯಿಂದ ಜೋಡಿಸಿದರು. ಒಂದನ್ನು ನುಡಿಸಿದರೆ ಇನ್ನೊಂದೂ ನುಡಿಯಿತು! ಈ ಭಾಷೆಗೆ ರಾಜಧನ ಕೇಳಲಿಲ್ಲ, ಆದ್ದರಿಂದಲೇ ಅದು ಎಲ್ಲೆಡೆ ಹರಡಿತು. 2013ರಲ್ಲಿ ಇಬ್ಬರಿಗೂ ತಾಂತ್ರಿಕ ಗ್ರ್ಯಾಮಿ ಪ್ರಶಸ್ತಿ ಸಂದಿತು.

ಮುಖ್ಯವಾದ ಮಾತು ಇಲ್ಲಿದೆ. ಮಿಡಿ ತಂತಿಯಲ್ಲಿ ಸದ್ದು ಹರಿಯುವುದಿಲ್ಲ, ಸೂಚನೆ ಹರಿಯುತ್ತದೆ. ಯಾವ ಮನೆ ಒತ್ತಿದಿರಿ, ಎಷ್ಟು ಜೋರಾಗಿ ಒತ್ತಿದಿರಿ, ಯಾವಾಗ ಬಿಟ್ಟಿರಿ, ಇಷ್ಟೇ. ಮನೆಗಳಿಗೂ ಜೋರಿಗೂ 0ಯಿಂದ 127ರವರೆಗಿನ ಅಂಕಿ. ಸೆಕೆಂಡಿಗೆ 31,250 ಬಿಟ್ ವೇಗ ಇದಕ್ಕೆ ಧಾರಾಳ ಸಾಕು. ಆಡಿಯೋ ಹಾಗಲ್ಲ. ಸಿ.ಡಿ. ಗುಣಮಟ್ಟಕ್ಕೆ ದನಿಯನ್ನು ಸೆಕೆಂಡಿಗೆ 44,100 ಸಲ ಅಳೆಯಬೇಕು, ಒಂದು ನಿಮಿಷದ ಸ್ಟೀರಿಯೋಗೆ ಸುಮಾರು 10 ಎಂ.ಬಿ. ಜಾಗ ಬೇಕು. ಸಂಗೀತದ ಮೇಷ್ಟರ ಪುಸ್ತಕದಲ್ಲಿರುವ ಸ್ವರಲಿಪಿ ಮಿಡಿಯಾದರೆ, ಮೇಷ್ಟರ ಕಂಠವೇ ಆಡಿಯೋ. ಸ್ವರಲಿಪಿಯನ್ನು ಆಮೇಲೆ ತಿದ್ದಬಹುದು, ಶ್ರುತಿ ಏರಿಸಬಹುದು, ಕೊಳಲಿನ ಬದಲು ಪಿಟೀಲಿನ ದನಿ ಕೊಡಬಹುದು. ಕಂಠ ಮಾತ್ರ ಆ ಕ್ಷಣದಲ್ಲಿ ಸಿಕ್ಕಿದರೆ ಸಿಕ್ಕಿತು.

1985ರಲ್ಲಿ ಬಂದ ಅಟಾರಿ ಎಸ್‌ಟಿ ಕಂಪ್ಯೂಟರಿನಲ್ಲಿ ಮಿಡಿ ಕಿಂಡಿ ಅಂತರ್ಗತವಾಗಿಯೇ ಇತ್ತು. 1989ರಲ್ಲಿ ಎ.ಆರ್. ರೆಹಮಾನ್ ಚೆನ್ನೈನ ತಮ್ಮ ಮನೆಯ ಹಿತ್ತಿಲಲ್ಲೇ ಸ್ಟುಡಿಯೋ ಕಟ್ಟಿಕೊಂಡರು. 1992ರ 'ರೋಜಾ' ಹಾಡುಗಳು ರೂಪುಗೊಂಡದ್ದು ಅಲ್ಲಿಯೇ. ನಮ್ಮಂಥವರ ಪಿ.ಸಿ.ಗಳಲ್ಲಿ ಮಿಡಿ ಒಳಬಂದದ್ದು ಸೌಂಡ್ ಕಾರ್ಡಿನ ಜಾಯ್‌ಸ್ಟಿಕ್ ಕಿಂಡಿಯ ಮೂಲಕ. ಆಟದ ಬಾಗಿಲಿನಿಂದ ಸಂಗೀತ ಬಂತು ಎನ್ನಿ! 1999ರಲ್ಲಿ ಯು.ಎಸ್.ಬಿ. ಮೂಲಕ ಮಿಡಿ ಕಳಿಸುವ ನಿಯಮ ಸಿದ್ಧವಾದ ಮೇಲೆ ಆ ಕಿಂಡಿ ಮರೆಯಾಯಿತು. 2020ರಲ್ಲಿ ಮಿಡಿಯ ಎರಡನೇ ಆವೃತ್ತಿ ಬಂದಿದೆ, ಆದರೂ 1983ರ ಭಾಷೆಯಾಡುವ ಹಳೆಯ ಕೀಬೋರ್ಡನ್ನು ಇಂದಿಗೂ ಕಂಪ್ಯೂಟರಿಗೆ ಜೋಡಿಸಬಹುದು.

ನೀವೂ ಮನೆಯಲ್ಲಿ ಪ್ರಯತ್ನಿಸುವುದಾದರೆ ಕೆಲವು ಮಾತು ನೆನಪಿಡಿ. ಐದು ಸೂಜಿಯ ಹಳೆಯ ತಂತಿಯಾದರೆ ವಾದ್ಯದ 'ಔಟ್' ಕಂಪ್ಯೂಟರ್ ಕಡೆಯ 'ಇನ್'ಗೆ ಹೋಗಬೇಕು. ಕಂಪ್ಯೂಟರಿನ ಗುಲಾಬಿ ಬಣ್ಣದ ಕಿಂಡಿ ಮೈಕಿಗೆ, ನೀಲಿ ಕಿಂಡಿ ಕೀಬೋರ್ಡಿನಂಥ ವಾದ್ಯದ ಆಡಿಯೋಗೆ. ಅದಲುಬದಲಾದರೆ ದನಿ ಒಡೆಯುತ್ತದೆ ಅಥವಾ ಕ್ಷೀಣಿಸುತ್ತದೆ. ಕಂಡೆನ್ಸರ್ ಮೈಕಾದರೆ ಅದಕ್ಕೆ 48 ವೋಲ್ಟ್ ಒದಗಿಸುವ ಆಡಿಯೋ ಇಂಟರ್‌ಫೇಸ್ ಬೇಕು. ಎಲ್ಲಕ್ಕಿಂತ ಮೊದಲು ಹತ್ತು ಸೆಕೆಂಡು ಮುದ್ರಿಸಿ, ಕೇಳಿ ನೋಡಿ. ನಾನು ಮಾಡದೆ ಹೋದದ್ದು ಈ ಹತ್ತು ಸೆಕೆಂಡಿನ ಕೆಲಸವನ್ನೇ.

ಅಜ್ಜಿಯ ಹಾಡು ಕೀಬೋರ್ಡಿನ ಎರಡು ಮನೆಗಳ ನಡುವೆ ಜಾರುತ್ತಿತ್ತು. ಮೊಮ್ಮಗ ನುಡಿಸಿದ್ದರಲ್ಲಿ ಆ ಜಾರು ಇಲ್ಲ, ಹಾಡಿನ ಪದವಂತೂ ಇಲ್ಲವೇ ಇಲ್ಲ. ಮೊದಲ ಸಲದ ಆ ಮಿಡಿ ಕಡತ ಇನ್ನೂ ನನ್ನ ಬಳಿ ಇದೆ. ಮರೆತ ನುಡಿಯ ಜಾಗದಲ್ಲಿ ಶ್ರುತಿಯ ಸ್ವರಗಳು ಸರಿಯಾಗಿಯೇ ಬರುತ್ತವೆ, ಅಜ್ಜಿ ಮಾತ್ರ ಅಲ್ಲಿಲ್ಲ.

ನಿಮ್ಮ ಮನೆಯಲ್ಲೂ ಹಾಡುವ ಹಿರಿಯರಿದ್ದರೆ ಈ ಭಾನುವಾರವೇ ಕೂರಿಸಿ ಹಾಡಿಸಿ. ಮೈಕಿನ ಸಾಲು ಆನ್ ಆಗಿದೆಯೇ ಎಂದು ಎರಡು ಸಲ ನೋಡಿಕೊಳ್ಳಿ.