ಶಂಕಾವಿಷ

ಕೆಲವು ತಿಂಗಳ ಹಿಂದೆ, ದೀಪ ಹಚ್ಚುವ ಹೊತ್ತಿಗೆ, ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಒಳ್ಳೆಯ ನೌಕರಿಯಲ್ಲಿರುವವನು. ಮದುವೆಯ ಮಾತುಕತೆ ನಡೆಯುತ್ತಿದೆಯೆಂದು ಅವನ ತಂದೆಯಿಂದಲೇ ಕೇಳಿದ್ದೆ. ಆ ಮಾತು ಈ ಮಾತು ಆಡಿ, ಕೊನೆಗೆ ನೆಲ ನೋಡುತ್ತ ವಿಷಯ ಹೇಳಿದ. ಪರಸ್ಥಳದಲ್ಲಿ ಒಬ್ಬ ಹೆಂಗಸಿನೊಡನೆ ಒಂದು ರಾತ್ರಿ ಕಳೆದಿದ್ದ. ಮುತ್ತು, ಅಪ್ಪುಗೆ, ಕೈಯ ಸ್ಪರ್ಶ ಇಷ್ಟಕ್ಕೇ ನಿಂತಿತ್ತು, ಸಂಭೋಗ ನಡೆದಿರಲಿಲ್ಲ. ಅದಾಗಿ ಐದು ತಿಂಗಳು. ಅಷ್ಟರಲ್ಲಿ ನಾಲ್ಕು ಸಲ ರಕ್ತಪರೀಕ್ಷೆ ಮಾಡಿಸಿದ್ದ. ನಾಲ್ಕರಲ್ಲಿಯೂ ಎಚ್‌ಐವಿ ಇಲ್ಲವೆಂದೇ ಬಂದಿತ್ತು.

"ಆದರೂ ಸಾರ್, ರಾತ್ರಿ ಬೆವರುತ್ತೆ, ತೂಕ ಇಳೀತಿದೆ. ಪರೀಕ್ಷೆಯೇ ತಪ್ಪಿರಬಹುದಲ್ಲ?" ಎಂದ.

ಕನ್ನಡ ಪಾಠ ಹೇಳುವವನ ಬಳಿ ಈ ಪ್ರಶ್ನೆಯೇಕೆ? ವೈದ್ಯರು ಉತ್ತರ ಕೊಟ್ಟಿದ್ದರು. ಅದನ್ನು ನಂಬುವುದು ಅವನಿಂದ ಆಗಿರಲಿಲ್ಲ. ನನಗೂ ಆ ಸಂಜೆ ತಕ್ಕ ಮಾತು ಹೊಳೆಯಲಿಲ್ಲ. "ಇನ್ನೊಂದು ಸಲ ಬಾಪ್ಪ" ಎಂದು ಕಳುಹಿಸಿ, ಈ ಭಯದ ಚರಿತ್ರೆಯನ್ನು ಹುಡುಕಿಕೊಂಡು ಹೊರಟೆ.

ಹುಡುಕಾಟ ನಮ್ಮ ಮಾತಿನಿಂದಲೇ ಮೊದಲಾಯಿತು. ಕನ್ನಡದಲ್ಲಿ 'ಸೋಂಕು' ಎಂದರೆ ಮುಟ್ಟು, ತಾಗು ಎಂದೇ ಮೂಲದ ಅರ್ಥ. ಹಳೆಯ ಕವಿಗಳಲ್ಲಿ ತಂಗಾಳಿ ಸೋಂಕುತ್ತದೆ, ನಲ್ಲೆಯ ಕೈ ಸೋಂಕುತ್ತದೆ. ಇಂದು ಅದೇ ಮಾತು ರೋಗ ಹತ್ತುವುದಕ್ಕೆ ಹೆಸರಾಗಿದೆ. ಲ್ಯಾಟಿನ್ ಭಾಷೆಯೂ ಇದೇ ದಾರಿಯನ್ನು ಹಿಡಿದಿದೆ: 'ಕಂಟೇಜಿಯೊ' ಎಂಬ ಪದ ಮುಟ್ಟುವುದೆಂಬ ಧಾತುವಿನಿಂದಲೇ ಹುಟ್ಟಿದ್ದು. ಮುಟ್ಟುವುದು ಬೇರೆ, ರೋಗ ತಗಲುವುದು ಬೇರೆ ಎಂದು ಬಿಡಿಸಿ ಹೇಳುವ ಅವಕಾಶವನ್ನು ಭಾಷೆಯೇ ನಮಗೆ ಕೊಟ್ಟಂತಿಲ್ಲ. ಮೈಲಿಗೆಯ ಲೆಕ್ಕದಲ್ಲಿ ಬೆಳೆದ ಸಮಾಜಕ್ಕೆ ಈ ಗೊಂದಲ ಎಷ್ಟು ಸುಲಭವೆಂದು ಬೇರೆ ಹೇಳಬೇಕಾದುದಿಲ್ಲ.

1494-95ರಲ್ಲಿ ಫ್ರಾನ್ಸಿನ ಎಂಟನೆಯ ಚಾರ್ಲ್ಸ್ ನೇಪಲ್ಸಿನ ಮೇಲೆ ದಂಡೆತ್ತಿ ಹೋದಾಗ ಯೂರೋಪಿನಲ್ಲಿ ಹೊಸ ರೋಗವೊಂದು ಭುಗಿಲೆದ್ದಿತು. ಇಟಲಿಯವರು ಅದನ್ನು ಫ್ರೆಂಚರ ರೋಗವೆಂದರು, ಫ್ರೆಂಚರು ನೇಪಲ್ಸಿನವರದೆಂದರು. 1530ರಲ್ಲಿ ಫ್ರಾಕಸ್ಟೊರೊ ಎಂಬ ವೈದ್ಯಕವಿ ತನ್ನ ಕಾವ್ಯದಲ್ಲಿ ಅದಕ್ಕೆ 'ಸಿಫಿಲಿಸ್' ಎಂಬ ಹೆಸರಿಟ್ಟ. ನಮ್ಮಲ್ಲಿ ಅದು ಫಿರಂಗಿ ರೋಗ, ಪರಂಗಿ ಹುಣ್ಣು. (ಬೆಳಗಿನ ತಿಂಡಿಯ ಜೊತೆಗೆ ನಾವು ಸವಿಯುವ ಪರಂಗಿ ಹಣ್ಣೂ ಕಡಲಾಚೆಯಿಂದ ಬಂದದ್ದೇ, ಪಾಪ!) ಹದಿನಾರನೆಯ ಶತಮಾನದ ಭಾವಮಿಶ್ರ ತನ್ನ 'ಭಾವಪ್ರಕಾಶ'ದಲ್ಲಿ ಇದನ್ನು ವರ್ಣಿಸುತ್ತ ಎರಡು ಕಾರಣಗಳನ್ನು ಕೊಡುತ್ತಾನೆ: ಫಿರಂಗಿಯವರ ಅಂಗಸಂಸರ್ಗ ಒಂದು, ಫಿರಂಗಿ ಸ್ತ್ರೀಯರ ಸಂಗ ಇನ್ನೊಂದು. ಚಿಕಿತ್ಸೆಗೆ ಪಾದರಸದ ರಸಕರ್ಪೂರ ಮತ್ತು ನಾವು ಪರಂಗಿ ಚಕ್ಕೆ ಎನ್ನುವ ಚೋಪಚೀನಿ. ಸಿಫಿಲಿಸ್ಸಿನ ಮಟ್ಟಿಗೆ ಭಾವಮಿಶ್ರನ ಎಚ್ಚರಿಕೆ ತೀರ ತಪ್ಪೇನಲ್ಲ. ಹಸಿ ಹುಣ್ಣನ್ನು ಮುಟ್ಟಿದರೂ ಅದು ತಗಲಬಲ್ಲದು.

ಭಯ ಮಾತ್ರ ಹುಣ್ಣಿನ ಹತ್ತಿರ ನಿಲ್ಲಲಿಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆ ಈ ರೋಗಕ್ಕೆ ಹೆದರಿ ಯುದ್ಧನೌಕೆಗಳ ಬಾಗಿಲ ಹಿಡಿಕೆಗಳನ್ನು ಕೀಳಿಸಿತೆಂದು ಇತಿಹಾಸಕಾರ ಆಲನ್ ಬ್ರಾಂಟ್ ದಾಖಲಿಸಿದ್ದಾರೆ. ನಾವಿಕರು ಬಂದರಿನಲ್ಲಿ ಏನು ಮಾಡುತ್ತಾರೆಂಬುದನ್ನು ನೋಡುವುದಕ್ಕಿಂತ ಹಿಡಿಕೆ ಕೀಳುವುದು ಸುಲಭವಷ್ಟೆ! ರೋಗವಿಲ್ಲದೆಯೇ ರೋಗವಿದೆಯೆಂದು ಕೊರಗುವವರು ಎಷ್ಟಿದ್ದರೆಂದರೆ, ವೈದ್ಯರು 'ಸಿಫಿಲೊಫೋಬಿಯಾ' ಎಂಬ ಬೇರೊಂದು ಹೆಸರನ್ನೇ ಕಟ್ಟಬೇಕಾಯಿತು. 1906ರಲ್ಲಿ ವಾಸರ್ಮನ್ ಪರೀಕ್ಷೆ ಬಂದರೂ ಅವರಿಗೆ ಪೂರ್ಣ ಸಮಾಧಾನವಿರಲಿಲ್ಲ. ಮಲೇರಿಯ, ಕುಷ್ಠಗಳಿದ್ದಲ್ಲಿಯೂ ಅದು ಸುಳ್ಳಾಗಿ 'ಇದೆ' ಎನ್ನುತ್ತಿತ್ತು. ಪರೀಕ್ಷೆಯನ್ನು ನಂಬದಿರಲು ಆಗ ಒಂದು ಕಾರಣವಾದರೂ ಇತ್ತು.

ಏಡ್ಸ್‌ನ ಕಥೆ 1981ರ ಜೂನ್ 5ರಂದು, ಲಾಸ್ ಏಂಜಲಿಸ್‌ನ ಐವರು ಯುವಕರನ್ನು ಕುರಿತ ಸಣ್ಣದೊಂದು ವೈದ್ಯಕೀಯ ವರದಿಯಿಂದ ಆರಂಭವಾಯಿತು. 1983ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ವೈರಸ್ ಸಿಕ್ಕಿತು. ಅದೇ ವರ್ಷದ ಮೇ ತಿಂಗಳಲ್ಲಿ, ಮನೆಯೊಳಗಿನ ಒಡನಾಟದಿಂದಲೂ ರೋಗ ಬಂದೀತೆಂಬ ಊಹೆ ವೈದ್ಯಪತ್ರಿಕೆಯೊಂದರಲ್ಲಿ ಕಾಣಿಸಿಕೊಂಡು ಪತ್ರಿಕೆಗಳ ತುಂಬ ಹಬ್ಬಿತು. ಅನ್ನ, ನೀರು, ಗಾಳಿ, ಸಾಮಾನ್ಯ ಸ್ಪರ್ಶಗಳಿಂದ ಬರುವುದಿಲ್ಲವೆಂದು ಅಮೆರಿಕದ ರೋಗನಿಯಂತ್ರಣ ಕೇಂದ್ರ ಸೆಪ್ಟೆಂಬರಿನಲ್ಲಿಯೇ ಸಾರಿತಾದರೂ ಕೇಳುವವರಾರು? ಇಂಡಿಯಾನ ಪ್ರಾಂತದ ರಯಾನ್ ವೈಟ್ ಎಂಬ ಹುಡುಗನಿಗೆ ಹಿಮೊಫೀಲಿಯಾದ ಔಷಧದಿಂದ ಸೋಂಕು ತಗಲಿತ್ತು. 1985ರಲ್ಲಿ ಶಾಲೆ ಅವನನ್ನು ಒಳಗೆ ಬಿಡಲಿಲ್ಲ. 1990ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ ತೀರಿಕೊಂಡ. ನಮ್ಮ ನೆರೆಯ ಗೋವೆಯಲ್ಲಿಯೇ, 1989ರಲ್ಲಿ, ಡೊಮಿನಿಕ್ ಡಿಸೋಜ ಎಂಬ ತರುಣನನ್ನು ಎಚ್‌ಐವಿ ಇದೆಯೆಂಬ ಒಂದೇ ಕಾರಣಕ್ಕೆ 64 ದಿನ ಕೂಡಿಹಾಕಿದ್ದರು. ಈ ದೇಶದಲ್ಲಿ ವೈರಸ್ಸಿನ ಗುರುತು ಮೊದಲು ಸಿಕ್ಕಿದ್ದು ಅದಕ್ಕೆ ಮೂರೇ ವರ್ಷ ಹಿಂದೆ, 1986ರಲ್ಲಿ, ಅಂದಿನ ಮದ್ರಾಸಿನಲ್ಲಿ, ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅವರ ಪ್ರಯತ್ನದಿಂದ.

ಇದೇ 1986ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವನ್ನು ನಾನು ಎರಡು ಸಲ ಓದಿದೆ. ನ್ಯೂಯಾರ್ಕಿನ ಫ್ರೀಡ್‌ಲೆಂಡ್ ಮತ್ತು ಸಂಗಡಿಗರು 39 ಮಂದಿ ಏಡ್ಸ್ ರೋಗಿಗಳ ಮನೆಗಳಲ್ಲಿದ್ದ 101 ಜನರನ್ನು ಪರೀಕ್ಷಿಸಿದರು. ಒಂದೇ ಮನೆ, ಒಂದೇ ಬಚ್ಚಲು, ಅವವೇ ತಟ್ಟೆಲೋಟಗಳು; ಅಪ್ಪಿಕೊಂಡವರು, ಮುತ್ತಿಟ್ಟವರು, ಒಂದೇ ಹಾಸಿಗೆಯಲ್ಲಿ ಮಲಗಿದವರು. ಸೋಂಕು ಕಂಡದ್ದು ಒಂದೇ ಮಗುವಿನಲ್ಲಿ; ಅದಕ್ಕೂ ಬಹುಮಟ್ಟಿಗೆ ಹೆತ್ತವಳಿಂದಲೇ ಬಂದದ್ದು. ಈ ವೈರಸ್ ಸಾಗುವುದು ರಕ್ತ, ವೀರ್ಯ, ಯೋನಿ ಮತ್ತು ಗುದದ ಸ್ರಾವ, ಎದೆಹಾಲು ಇವುಗಳಲ್ಲಿ. ಬೆವರು, ಕಣ್ಣೀರು, ಜೊಲ್ಲುಗಳಿಂದ ಹರಡದು. ಗಾಯವಿಲ್ಲದ ಚರ್ಮವನ್ನು ದಾಟಲಾರದು. ಮೈಯಿಂದ ಹೊರಬಿದ್ದರೆ ಬೇಗನೆ ಸತ್ವಗುಂದುತ್ತದೆ. ಇಬ್ಬರ ಬಾಯಲ್ಲಿಯೂ ರಕ್ತ ಒಸರುವಂಥ ತೀರ ಅಪರೂಪದ ಪ್ರಸಂಗವನ್ನು ಬಿಟ್ಟರೆ ಮುತ್ತಿನಿಂದಲೂ ಬಾರದು. ಅಂದಮೇಲೆ ನನ್ನ ವಿದ್ಯಾರ್ಥಿಗೆ ಮೊದಲನೆಯ ಪರೀಕ್ಷೆಯೂ ಬೇಕಿರಲಿಲ್ಲ. ಇನ್ನು ಪರೀಕ್ಷೆಯ ಮಾತು: ಈಗಿನ ಪ್ರಯೋಗಾಲಯದ ಪರೀಕ್ಷೆ 45 ದಿನಕ್ಕೆ, ಪ್ರತಿಕಾಯವನ್ನಷ್ಟೇ ನೋಡುವ ಪರೀಕ್ಷೆಯಾದರೂ 90 ದಿನಕ್ಕೆ ನಿರ್ಣಾಯಕ. ಅವನಿಗೆ ಐದು ತಿಂಗಳು ಕಳೆದಿತ್ತು.

ಹಾಗಾದರೆ ಬೆವರು? ಇಳಿದ ತೂಕ? ಅವು ಸುಳ್ಳಲ್ಲ. 1985ರಲ್ಲಿಯೇ ಲಂಡನ್ನಿನ ಡೇವಿಡ್ ಮಿಲರ್ ಮತ್ತು ಜೊತೆಗಾರರು ಇಂಥ ರೋಗಿಗಳನ್ನು ಕುರಿತು ಬರೆದು, ಈ ಸ್ಥಿತಿಯನ್ನು 'ಹುಸಿ ಏಡ್ಸ್' ಎಂದು ಕರೆದರು. ಏಡ್ಸಿನ ಭಯವೇ ಏಡ್ಸಿನ ಲಕ್ಷಣಗಳನ್ನು ತರುತ್ತಿತ್ತು: ಊಟ ಸೇರದೆ ತೂಕ ಇಳಿಯುವುದು, ನಿದ್ದೆಗೆಟ್ಟು ಬೆವರುವುದು, ಹೊಟ್ಟೆ ಕೆಡುವುದು. ಲಕ್ಷಣ ಕಂಡು ಭಯ ಹೆಚ್ಚುವುದು, ಭಯ ಹೆಚ್ಚಿ ಲಕ್ಷಣ ಬಲಿಯುವುದು.

ಇದನ್ನು ಓದುವಾಗ ನನಗೆ ಚರಕ ನೆನಪಾದ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ವಿಷಚಿಕಿತ್ಸೆಯ ಅಧ್ಯಾಯವೊಂದಿದೆ. ಹಾವು, ಚೇಳುಗಳೆಲ್ಲ ಬಂದುಹೋದ ಮೇಲೆ ಅಲ್ಲಿ 'ಶಂಕಾವಿಷ'ದ ಪ್ರಸ್ತಾಪ ಬರುತ್ತದೆ. ಕಡುಗತ್ತಲೆಯಲ್ಲಿ ಏನೋ ಚುಚ್ಚುತ್ತದೆ. ಮುಳ್ಳೋ ಹಾವೋ ತಿಳಿಯದು. ವಿಷವೇರಿತೆಂಬ ಶಂಕೆಯೊಂದರಿಂದಲೇ ಜ್ವರ, ವಾಂತಿ, ಮೂರ್ಛೆ, ಮೈಯುರಿ, ಭೇದಿಗಳು ಬರುತ್ತವೆ. ನನಗೆ ಮೆಚ್ಚುಗೆಯಾದದ್ದು, ಚರಕ ಇವನನ್ನು ಗದರಿಸಿ ಕಳುಹಿಸುವುದಿಲ್ಲ. ಸಕ್ಕರೆ, ದ್ರಾಕ್ಷಿ, ಜ್ಯೇಷ್ಠಮಧು, ಜೇನುತುಪ್ಪಗಳ ಮದ್ದನ್ನು ಹೇಳುತ್ತಾನೆ. ಮಂತ್ರಿಸಿದ ನೀರನ್ನು ಕುಡಿಸಿ, ಚಿಮುಕಿಸಿ, ಸಮಾಧಾನ ಹೇಳಿ ಮನಸ್ಸನ್ನು ಗೆಲುವಾಗಿಸಬೇಕೆನ್ನುತ್ತಾನೆ. ವಿಷವಿಲ್ಲವೆಂದು ಬಲ್ಲ ವೈದ್ಯ, ಆದರೂ ವಿಷದ ಅಧ್ಯಾಯದಲ್ಲಿಯೇ ಅವನಿಗೆ ಜಾಗ ಕೊಟ್ಟಿದ್ದಾನೆ.

ಮುಂದಿನ ಭಾನುವಾರ ಹುಡುಗ ಬಂದಾಗ ಇದನ್ನೆಲ್ಲ ಹೇಳಿದೆ. ಬಾಗಿಲ ಹಿಡಿಕೆಯ ಮಾತಿಗೆ ನಕ್ಕ. ಚರಕನ ಮಾತಿಗೆ ನಗಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, "ಸಾರ್, ಅವಳಿಗೆ ಹೇಳಬೇಕಾ?" ಎಂದ. ನಿಶ್ಚಿತಾರ್ಥವಾಗಲಿದ್ದ ಹುಡುಗಿಯ ಮಾತದು. ಐದು ತಿಂಗಳಿಂದ ರಕ್ತದಲ್ಲಿ ಅವನು ಹುಡುಕುತ್ತಿದ್ದುದು ಏನೆಂದು ನನಗೆ ಆಗ ತಿಳಿಯಿತು. ವೈರಸ್ ಸಿಕ್ಕಿದ್ದರೆ ಶಿಕ್ಷೆಯಾದರೂ ಆಗಿಹೋಗುತ್ತಿತ್ತು!

"ನಿನ್ನ ರಕ್ತದಲ್ಲಿ ಅವಳಿಗೆ ಹೇಳಬೇಕಾದ್ದು ಏನೂ ಇಲ್ಲ. ಮಿಕ್ಕದ್ದನ್ನು ಹೇಳುವುದೂ ಬಿಡುವುದೂ ನಿನಗೇ ಬಿಟ್ಟದ್ದು. ಆದರೆ ಐದನೆಯ ಪರೀಕ್ಷೆ ಮಾತ್ರ ಬೇಡ" ಎಂದೆ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಕೇಂದ್ರದಲ್ಲಿ ಆಪ್ತಸಮಾಲೋಚಕರಿರುತ್ತಾರೆ, ಕಾಸು ಕೇಳುವುದಿಲ್ಲ, ಗುಟ್ಟು ಹೊರಗೆ ಹೋಗುವುದಿಲ್ಲ ಎಂದೂ ತಿಳಿಸಿದೆ. ಮಂಗಳವಾರ ಅರ್ಧ ದಿನ ರಜೆ ಹಾಕಿ ಅಲ್ಲಿಗೆ ಹೋಗಿಬಂದನಂತೆ.