ಕರಿಜೀರಿಗೆ: ಹದೀಸ್‌ನಲ್ಲಿರುವುದು, ನಾವು ಸೇರಿಸಿದ್ದು

ತಲೆಗೂದಲು ತೆಳುವಾಗತೊಡಗಿದರೆ ನಮ್ಮ ಅನೇಕ ಮನೆಗಳಲ್ಲಿ ನೆನಪಾಗುವುದು ಕಲೌಂಜಿ, ಅಂದರೆ ಕರಿಜೀರಿಗೆ. ಅದರ ಎಣ್ಣೆಯ ಜೊತೆಗೆ ಈಗ ಮಾತ್ರೆಗಳೂ ಬಂದಿವೆ. 'ಇದು ಕೂದಲಿಗೆ ಪ್ರವಾದಿಯವರು(ಸ) ತಿಳಿಸಿದ ಮದ್ದು' ಎಂಬ ಮಾತೂ ಕೇಳಿಬರುತ್ತದೆ. ಇದಕ್ಕೆ ಆಧಾರವೇನೆಂದು ಇತಿಹಾಸದಲ್ಲಿ ನೋಡೋಣ.

ಮರಣದ ಹೊರತು ಎಲ್ಲ ರೋಗಗಳಿಗೂ ಕಪ್ಪು ಬೀಜದಲ್ಲಿ ಶಮನವಿದೆ ಎಂಬ ಅರ್ಥದ ಪ್ರವಾದಿವಚನವನ್ನು ಅಬೂ ಹುರೈರಾ(ರ) ವರದಿ ಮಾಡಿದ್ದಾರೆ. ಇಮಾಮ್ ಬುಖಾರಿ (ನಿಧನ: ಕ್ರಿ.ಶ. 870) ಅದನ್ನು ತಮ್ಮ 'ಸಹೀಹ್'ನ ವೈದ್ಯಕೀಯ ಭಾಗದಲ್ಲಿ ದಾಖಲಿಸಿದರು. ಆ ಬೀಜ ಯಾವುದೆಂಬ ಸಂಶಯ ಉಳಿಯದಂತೆ, ಅದು 'ಶೂನೀಝ್' ಎಂಬ ಇಬ್ನು ಶಿಹಾಬರ ವಿವರಣೆಯನ್ನೂ ಸೇರಿಸಿದರು. ಪ್ರಯಾಣದಲ್ಲಿ ಕಾಯಿಲೆ ಬಿದ್ದು ಮದೀನಾ ತಲುಪಿದ ಗಾಲಿಬ್ ಇಬ್ನು ಅಬ್ಜರ್‌ಗೆ ಇಬ್ನು ಅಬೀ ಅತೀಕ್ ಸೂಚಿಸಿದ ಚಿಕಿತ್ಸೆಯೂ ಅಲ್ಲಿದೆ: 5 ಅಥವಾ 7 ಕಾಳುಗಳನ್ನು ಅರೆದು, ಎಣ್ಣೆಯೊಡನೆ ಮೂಗಿನ ಹೊಳ್ಳೆಗಳಿಗೆ ಹನಿಸುವುದು. ಈ ವರದಿಗಳಲ್ಲಿ ಕೂದಲಿನ ಪ್ರಸ್ತಾಪವಿಲ್ಲ.

'ಎಲ್ಲ ರೋಗ' ಎಂಬುದರ ವ್ಯಾಪ್ತಿಯನ್ನೂ ವಿದ್ವಾಂಸರು ಚರ್ಚಿಸಿದರು. ಪದ ಸಾಮಾನ್ಯವಾದರೂ ಉದ್ದೇಶಿತ ಅರ್ಥ ಸೀಮಿತವೆಂದು ಇಮಾಮ್ ಖತ್ತಾಬಿ (ನಿಧನ: 998) ಹೇಳಿದರು. ಸಾಮಾನ್ಯ ಅರ್ಥವನ್ನೇ ಉಳಿಸಿಕೊಂಡವರೂ ಇದ್ದರು. ಬೀಜವನ್ನು ಒಂಟಿಯಾಗಿ ಇಲ್ಲವೇ ಬೇರೆ ಮದ್ದಿನೊಡನೆ, ತಿಂದು, ಕುಡಿದು, ಮೂಗಿಗೆ ಹನಿಸಿ ಅಥವಾ ಲೇಪಿಸಿ ಬಳಸಬಹುದೆಂದು ಇಬ್ನು ಹಜರ್ (ನಿಧನ: 1449) ವಿವರಿಸಿದರು. ರೋಗಕ್ಕೆ ತಕ್ಕ ವಿಧಾನ ಬೇಕೆಂಬುದೇ ಇದರ ತಾತ್ಪರ್ಯ.

ಕೂದಲು ಉದುರಲು ಕಾರಣಗಳು ಹಲವು: ಕಬ್ಬಿಣಾಂಶದ ಕೊರತೆ, ಥೈರಾಯ್ಡ್ ದೋಷ, ಹೆರಿಗೆ, ತೀವ್ರ ಜ್ವರ, ವಂಶವಾಹಿ. ರಕ್ತಹೀನತೆಯಿಂದ ಬಳಲುವ ತಾಯಿ ಪರೀಕ್ಷೆ ಮಾಡಿಸದೆ ಬರೀ ಕಲೌಂಜಿ ಮಾತ್ರೆಯನ್ನೇ ನಂಬಿದರೆ, ಕೂದಲಿಗಿಂತ ದೊಡ್ಡ ನಷ್ಟವಾದೀತು. ಅಡುಗೆಗೆ ಹಾಕುವ ಕಾಳು ಬೇರೆ, ದಿನವೂ ನುಂಗುವ ಮಾತ್ರೆ ಬೇರೆ. ಗರ್ಭಿಣಿಯರು, ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡಕ್ಕೆ ಔಷಧಿ ಸೇವಿಸುವವರು ವೈದ್ಯರನ್ನು ಕೇಳದೆ ಅದನ್ನು ಸೇವಿಸಬಾರದು.

ಬರಕತ್ತಿನ ನಿರೀಕ್ಷೆಯಿಂದ ಕರಿಜೀರಿಗೆ ಬಳಸುವುದಕ್ಕೆ ಅಡ್ಡಿಯಿಲ್ಲ. ಆದರೆ ಪ್ರವಾದಿಯವರು(ಸ) ಹೇಳದ ಮಾತನ್ನು ಅವರ ಹೆಸರಿಗೆ ಸೇರಿಸುವುದು ಗಂಭೀರ ಪಾಪ. ವ್ಯಾಪಾರಕ್ಕಾಗಿ ಹಾಗೆ ಮಾಡುವುದು ಇನ್ನೂ ಹೀನ. ಬೀಜದ ಹೆಸರನ್ನೂ ಖಚಿತಪಡಿಸಿ ಬರೆದಿಟ್ಟ ಹಿರಿಯರ ಎಚ್ಚರ ನಮಗೂ ಇರಲಿ. ಶಮನ ನೀಡುವವನು ಅಲ್ಲಾಹನು ಮಾತ್ರ. ಅವನು ನಮಗೆ ಆರೋಗ್ಯವನ್ನೂ ಸತ್ಯನಿಷ್ಠೆಯನ್ನೂ ಕರುಣಿಸಲಿ, ಆಮೀನ್.